ನಿಶ್ಶಬ್ದ ಬುತ್ತಿ ಮೀಮಾಂಸೆ: ದೆಹಲಿವಾಸಿ ಕನ್ನಡಿಗರು ಬೇಟೆಗೆ ಕಟ್ಟಬೇಕಾದ ತಿಂಡಿಯ ಲಕ್ಷಣ

ಶಾಸ್ತ್ರಗ್ರಂಥ ಬರೆಯುವವನು ಮೊದಲು ನಾಲ್ಕು ಮಾತು ಹೇಳಿ ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಸ್ತುತ ಗ್ರಂಥದ ವಿಷಯ, ನಸುಕಿನಲ್ಲಿ ಮನೆ ಬಿಟ್ಟು ಸಂಜೆಗೆ ಮರಳುವ ಬೇಟೆಗಾರನ ಚೀಲದಲ್ಲಿರಬೇಕಾದ, ಸದ್ದು ಮಾಡದ ತಿಂಡಿ. ಪ್ರಯೋಜನ, ಹೊಟ್ಟೆ ತುಂಬುವುದು ಮತ್ತು ಎದುರಿನ ಪ್ರಾಣಿ ಓಡದಿರುವುದು. ಸಂಬಂಧ, ಇವೆರಡೂ ಒಟ್ಟಿಗೆ ಆಗುವುದಿಲ್ಲವೆಂಬುದು. ಅಧಿಕಾರಿ, ದೆಹಲಿಯಲ್ಲೋ ನೋಯ್ಡಾ, ಗುರುಗ್ರಾಮ, ಫರೀದಾಬಾದುಗಳಲ್ಲೋ ನೆಲೆಸಿ, ಊರಿನಿಂದ ಡಬ್ಬ ತರಿಸಿಕೊಂಡು ತಿನ್ನುವ, ಹಲ್ಲು ಗಟ್ಟಿಯಿರುವ ಯಾರೇ ಕನ್ನಡಿಗರು. ಹಲ್ಲಿಲ್ಲದವರಿಗೆ ಈ ಗ್ರಂಥ ಬೇಡ. ಅವರು ಸಾಧನೆಯಿಲ್ಲದೆಯೇ ಸಿದ್ಧಿ ಪಡೆದವರು.

ಪೂರ್ವಪಕ್ಷಿ ಇಲ್ಲಿಯೇ ಎದ್ದು ನಿಲ್ಲುತ್ತಾನೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತಲ್ಲ, ಇನ್ನೆಲ್ಲಿಯ ಬೇಟೆ, ಇನ್ನೆಲ್ಲಿಯ ಬುತ್ತಿ ಎನ್ನುತ್ತಾನೆ. ಉತ್ತರ: ಕಾಯಿದೆ ಕಸಿದುಕೊಂಡದ್ದು ಕೋವಿಯನ್ನು. ಕೆಸರುಬಣ್ಣದ ಅಂಗಿ, ಹೊತ್ತು ಮೂಡುವ ಮುಂಚಿನ ಅಲಾರಂ, ಮನೆಯವರ ಗೊಣಗಾಟ, ಮರಳಿ ಬಂದು ಹೇಳುವ ಉತ್ಪ್ರೇಕ್ಷೆ, ಇವು ಯಾವುವನ್ನೂ ಮುಟ್ಟಲಿಲ್ಲ. ಕೋವಿಯ ಜಾಗಕ್ಕೆ ಅದಕ್ಕಿಂತ ತೂಕದ, ಅದಕ್ಕಿಂತ ದುಬಾರಿಯಾದ ಲೆನ್ಸು ಬಂತು. ಮಾತು ಕೂಡ ಬದಲಾಗಿಲ್ಲ. ಭಾನುವಾರ ರಾತ್ರಿ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಮೆಟ್ಟಿಲ ಬಳಿ ನಿಂತು ಕಿವಿಗೊಟ್ಟರೆ, ಸಸ್ಯಾಹಾರಿಗಳ ಬಾಯಿಂದಲೇ “ಧನೌರಿಯಲ್ಲಿ ಜೋಡಿ ಸಾರಸ ಹೊಡೆದೆ” ಎಂಬ ವಾಕ್ಯ ಕೇಳಿಬರುವ ಸಂಭವವಿದೆ. ಆದ್ದರಿಂದ ಬೇಟೆ ಇದೆ. ಬೇಟೆ ಇದ್ದಲ್ಲಿ ಬುತ್ತಿಯಿದೆ. ಬುತ್ತಿಯಿದ್ದಲ್ಲಿ ಮೀಮಾಂಸೆ ಅನಿವಾರ್ಯ.

ಕಾನೂನಿನ ತೊಡಕೊಂದನ್ನು ಬೇಗ ಬಿಡಿಸಿಬಿಡುತ್ತೇನೆ. ಸದರಿ ಕಾಯಿದೆಯ ಎರಡನೆಯ ಕಲಮು ಬೇಟೆ ಎಂದರೇನೆಂದು ವಿವರಿಸುವಾಗ ಕೊಲ್ಲುವುದು, ಹಿಡಿಯುವುದು, ಉರುಳು ಹಾಕುವುದರ ಜೊತೆಗೆ ಮೇವು ತೋರಿಸಿ ಸೆಳೆಯುವುದನ್ನೂ ಸೇರಿಸಿದೆ. ನಿಮ್ಮ ಕೈಯಿಂದ ಜಾರಿದ ಚಕ್ಕುಲಿ ಚೂರನ್ನು ನೋಡಿ ಒಂದು ಗೌಜಲಹಕ್ಕಿ ಪೊದೆಯಿಂದ ಹೊರಬಂದರೆ, ಮತ್ತು ನೀವು ಆಗ ಕ್ಲಿಕ್ಕಿಸಿದರೆ, ಆ ಚೂರು ತಿಂಡಿಯೋ ಮೇವೋ? ಚಕ್ಕುಲಿ ಜಾರಿದ್ದು ಉದ್ದೇಶಪೂರ್ವಕವಲ್ಲ ಎಂದು ಸಾಧಿಸುವುದು ಸುಲಭ. ಯಾವ ಕನ್ನಡಿಗರೂ ಬೇಕೆಂದು ಚಕ್ಕುಲಿ ಬೀಳಿಸುವುದಿಲ್ಲ.

ಈಗ ಇತಿಹಾಸ. ದೆಹಲಿಯ ಬೆಟ್ಟಸಾಲಿನ ಮೇಲೆ, ಕಾಡು ಬೆಳೆದು ಮುಚ್ಚಿದ ಕೆಲವು ಪಾಳುಕಟ್ಟಡಗಳಿವೆ: ಮಾಲ್ಚಾ ಮಹಲ್, ಝಂಡೇವಾಲಾನ್ ಬಳಿಯ ಭೂಲಿ ಭಟಿಯಾರಿ, ತೀನ್ ಮೂರ್ತಿ ಆವರಣದ ಕುಷ್ಕ್ ಮಹಲ್, ಹಿಂದೂರಾವ್ ಆಸ್ಪತ್ರೆಯ ಅಂಗಳದ ಪೀರ್ ಗೈಬ್. ಇವೆಲ್ಲ 1351ರಿಂದ 1388ರವರೆಗೆ ಆಳಿದ ಫಿರೋಜ್ ಷಾ ತುಘಲಕನ ಬೇಟೆಮನೆಗಳೆಂದು ಪ್ರತೀತಿ. ಅವನು ಕಾಲುವೆ ತೋಡಿಸಿದ್ದು, ಮೀರತ್ತಿನಿಂದ ಅಶೋಕಸ್ತಂಭ ಸಾಗಿಸಿ ಇದೇ ಗುಡ್ಡದ ಮೇಲೆ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಬೇಟೆಗೆ ಹೊರಟಾಗ ಅವನ ಜೋಳಿಗೆಯಲ್ಲಿ ಏನಿತ್ತೆಂದು ಪುರಾತತ್ತ್ವಜ್ಞರು ಬಾಯಿ ಬಿಟ್ಟಿಲ್ಲ. ಪ್ರಸ್ತುತ ಲೇಖಕನ ಊಹೆ ಹೀಗಿದೆ: ಆ ತಿಂಡಿ ಸದ್ದು ಮಾಡುವಂಥದ್ದಾಗಿದ್ದರೆ ಯಾರಾದರೂ ಕೇಳಿಸಿಕೊಂಡು ಬರೆದಿಡುತ್ತಿದ್ದರು. ಯಾರೂ ಬರೆದಿಲ್ಲ. ಆದ್ದರಿಂದ ಅದು ನಿಶ್ಶಬ್ದವಾಗಿತ್ತು. ಪುರಾವೆಯ ಅಭಾವವೇ ಪುರಾವೆಯಾಗುವ ಇಂಥ ಅಪರೂಪದ ವಿಷಯವನ್ನು ಹಿಂದಿನ ವಿದ್ವಾಂಸರು ಕೈಬಿಟ್ಟದ್ದೇಕೆಂದು ತಿಳಿಯದು.

ಮೊಗಲರಿಗೆ ಬಂದರೆ ನೆಲ ಗಟ್ಟಿಯಾಗುತ್ತದೆ. ಜಹಾಂಗೀರ್ ಲೆಕ್ಕ ಇಡುವ ಚಟದವನು. ಹನ್ನೆರಡನೆಯ ವಯಸ್ಸಿನಿಂದ ಐವತ್ತರ ಹತ್ತಿರದವರೆಗೆ ತನ್ನ ಸಮಕ್ಷಮದಲ್ಲಿ ಬಿದ್ದ ಪ್ರಾಣಿಪಕ್ಷಿ 28,532, ಅದರಲ್ಲಿ ತಾನೇ ಹೊಡೆದದ್ದು 17,167 ಎಂದು ದಿನಚರಿಯಲ್ಲಿ ದಾಖಲಿಸಿದ್ದಾನೆ. ಇಂದು ವಿಮಾನ ಇಳಿಯುವ ಪಾಲಂ ಕೂಡ ಅವನ ಬೇಟೆಯ ನೆಲವೇ. ಅದೇ ದಿನಚರಿಯಲ್ಲಿ ಇನ್ನೊಂದು ಮಾತಿದೆ: ಗುಜರಾತಿಗೆ ಹೋದಾಗ ಸಜ್ಜೆಯ ಖಿಚಡಿ ಅವನಿಗೆ ಬಹಳ ಹಿಡಿಸಿತು, ಮಾಂಸ ಬಿಡುವ ದಿನಗಳಲ್ಲಿ ಅದನ್ನೇ ಬಡಿಸಿ ಎಂದು ಆಜ್ಞೆ ಮಾಡಿದ. ಖಿಚಡಿ! ಅಂದರೆ ನಮ್ಮ ಹುಗ್ಗಿಯ ಬಡಗಣ ದಾಯಾದಿ. ಹಲ್ಲಿಗೆ ಕೆಲಸವಿಲ್ಲದ, ನಾಲಿಗೆಯೊಂದೇ ನಿಭಾಯಿಸಬಲ್ಲ, ಇಳಿದದ್ದು ಗಂಟಲಿಗೂ ಗೊತ್ತಾಗದ ಪದಾರ್ಥ. ಹದಿನೇಳು ಸಾವಿರ ಚಿಲ್ಲರೆ ಬೇಟೆಯ ಗುಟ್ಟು ಬಂದೂಕಿನಲ್ಲಿಲ್ಲ, ಖಿಚಡಿಯಲ್ಲಿದೆ ಎಂದು ಇಲ್ಲಿಗೆ ಸಿದ್ಧವಾಯಿತು. ಬೇಟೆಯಾಡಿದ ದಿನ ಬೇರೆ, ಖಿಚಡಿ ತಿಂದ ದಿನ ಬೇರೆ ಎಂಬ ಆಕ್ಷೇಪವನ್ನು ಮುಂದಿನ ಮುದ್ರಣದಲ್ಲಿ ಪರಿಶೀಲಿಸಲಾಗುವುದು.

ನಮ್ಮವರೇನು ಕಡಿಮೆಯೇ? ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅಡುಗೆಯೂ ಇದೆ, ಬೇಟೆಯೂ ಇದೆ. ಮೂರನೆಯ ವಿಂಶತಿಯಲ್ಲಿ, ಅಂದರೆ ಮೂರನೆಯ ಭಾಗದಲ್ಲಿ, ಇಡ್ಲಿಯ ಪೂರ್ವಜ, ದೋಸೆಯ ಪೂರ್ವಜ, ವಡೆಯ ಪೂರ್ವಜ ಎಲ್ಲ ಸಾಲಾಗಿ ನಿಂತಿವೆ, ನಾಲ್ಕನೆಯದರಲ್ಲಿ ಮೃಗಯಾವಿನೋದ. ಎರಡರ ನಡುವೆ ಇರಬೇಕಾಗಿದ್ದ ಡಬ್ಬ ಕಟ್ಟುವ ಅಧ್ಯಾಯ ಮಾತ್ರ ಇಲ್ಲ. ಇದಕ್ಕಿಂತ ದುಃಖದ ಸಂಗತಿಯೆಂದರೆ, ಗಾಳ ಹಾಕಿ ಮೀನು ಹಿಡಿಯುವ ಭಾಗದಲ್ಲಿ ಯಾವ ಮೀನಿಗೆ ಯಾವ ಉಂಡೆ ಹೇಗೆ ಕಲಸಬೇಕೆಂದು ರಾಜ ವಿವರವಾಗಿ ಬರೆದಿದ್ದಾನೆ. ಮೀನಿನ ನಾಲಿಗೆಯ ಬಗ್ಗೆ ಅಷ್ಟು ಕಾಳಜಿ ತೋರಿದ ದೊರೆಗೆ, ಗಾಳ ಹಿಡಿದು ದಡದಲ್ಲಿ ಗಂಟೆಗಟ್ಟಲೆ ಕೂತವನಿಗೂ ಹೊಟ್ಟೆಯಿದೆಯೆಂದು ಹೊಳೆಯಲಿಲ್ಲ.

ಆ ಅಧ್ಯಾಯವನ್ನು ಬರೆಯದೆಯೇ ಬಾಳಿ ತೋರಿಸಿದವರು ಕೊಡವರು. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವೇರಿಸಿ ಪೂಜೆ ಮಾಡುವ ಅವರ ಮನೆಗಳಲ್ಲಿ ಹಬ್ಬದ ಎಲೆಗೆ ಬೀಳುವುದು ಕಡಂಬುಟ್ಟು. ಅಕ್ಕಿತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಟ್ಟದ್ದು. ಅದನ್ನು ಹಿಸುಕಿದರೂ ಕಚ್ಚಿದರೂ ನೆಲಕ್ಕೆ ಎಸೆದರೂ ಸದ್ದಿಲ್ಲ. ಬೇಟೆ ಬಲ್ಲ ಸಮುದಾಯದ ಹಬ್ಬದಡುಗೆ ಹೀಗೆ ಮೌನಿಯಾಗಿರುವುದು, ಬೇಟೆ ಅರಿಯದ ಬಯಲುಸೀಮೆಯ ಹಬ್ಬದಡುಗೆ ಹಪ್ಪಳ, ಸಂಡಿಗೆ, ಅರಳು ಎಂದು ಗದ್ದಲ ಎಬ್ಬಿಸುವುದು ಕಾಕತಾಳೀಯವಿರಲಾರದು.

ಇಲ್ಲಿಗೆ ನಾವು ಸಮಸ್ಯೆಯ ಹೊಟ್ಟೆಗೇ ಬಂದೆವು. ದೆಹಲಿಯ ಕನ್ನಡ ಮನೆಯ ಅಟ್ಟದ ಮೇಲೆ ಇರುವುದೇನು? ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ತೇಂಗೊಳಲು, ಖಾರದ ಅವಲಕ್ಕಿ, ಬಿಜಾಪುರ ಕಡೆಯವರಾದರೆ ಕಡಕ್ ರೊಟ್ಟಿ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಪಯಣಿಸಿ ಹೊಸದಿಲ್ಲಿಗೆ ಬಂದೂ ಕೆಡದೆ ಉಳಿಯುವ ತಿಂಡಿಗಳು ಹೆಚ್ಚಾಗಿ ಇವೇ. ಕೆಡದಿರಲು ಕಾರಣ, ಒಳಗೆ ನೀರಿಲ್ಲ. ನೀರಿಲ್ಲದ್ದರಿಂದಲೇ ಒಳಗಿನ ಪಿಷ್ಟ ಗಾಜಿನಂತೆ ಗಡುಸಾಗಿ ನಿಂತಿರುತ್ತದೆ, ಕಚ್ಚಿದಾಗ ಸೀಳಿ ಸದ್ದು ಮಾಡುತ್ತದೆ. ಅಂದರೆ ಊರಿಗೂ ದೆಹಲಿಗೂ ನಡುವಿನ ಎರಡು ಸಾವಿರ ಚಿಲ್ಲರೆ ಕಿಲೋಮೀಟರು ದೂರವೇ ನಮ್ಮ ಬಾಯಲ್ಲಿ ಕರುಂ ಎನ್ನುತ್ತಿದೆ. ಬೇಟೆಗೆ ಬೇಕಾದ ಮೆತ್ತನೆಯ ತಿಂಡಿ ಹಾದಿಯಲ್ಲಿ ಕೆಡುತ್ತದೆ, ಕೆಡದೆ ಬಂದದ್ದು ಬೇಟೆ ಕೆಡಿಸುತ್ತದೆ.

ಸದ್ದಿನಲ್ಲಿಯೂ ತಾರತಮ್ಯವುಂಟು. ಫ್ರಾನ್ಸಿನ ಡಾಕ್ರೆಮಾಂ ಎಂಬ ವಿಜ್ಞಾನಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗರಿಗರಿ ತಿಂಡಿಯ ಸದ್ದು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಕೀರಲು ಸ್ವರದ್ದು. ಗಟ್ಟಿಯಾಗಿ ಕಟುಂ ಎನ್ನುವ ತಿಂಡಿಯದು ಸುಮಾರು 1.25ರಿಂದ 2 ಕಿಲೋಹರ್ಟ್ಸ್. ಹಕ್ಕಿಗಳ ಕಿವಿ ಅತ್ಯಂತ ಚುರುಕಾಗಿರುವುದು ಸಾಮಾನ್ಯವಾಗಿ 1ರಿಂದ 4ರ ನಡುವೆ. ಅಂದಮೇಲೆ ಕೋಡುಬಳೆ ನೇರವಾಗಿ ಹಕ್ಕಿಯ ಕಿವಿಯೊಳಕ್ಕೆ ಹೊಗುತ್ತದೆ, ಹಪ್ಪಳವಾದರೋ ಅದರ ತಲೆಯ ಮೇಲಿಂದ ಹಾರಿಹೋಗುತ್ತದೆ. ಶಾಸ್ತ್ರೀಯವಾಗಿ ಹಪ್ಪಳವೇ ಬೇಟೆಯ ತಿಂಡಿ. ಆದರೆ ಬೆನ್ನಚೀಲದಲ್ಲಿ, ಟ್ರೈಪಾಡಿನ ಪಕ್ಕದಲ್ಲಿ, ಸುಲ್ತಾನಪುರದ ಕೆರೆಯವರೆಗೆ ಹಪ್ಪಳವನ್ನು ಹಪ್ಪಳವಾಗಿಯೇ ತಲುಪಿಸಿದವರು ಯಾರೂ ಇಲ್ಲ. ಶಾಸ್ತ್ರ ಒಪ್ಪಿದ್ದನ್ನು ಚೀಲ ಒಪ್ಪಲಿಲ್ಲ.

ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಇಟಲಿಯ ಝಂಪಿನಿ 2004ರಲ್ಲಿ ಇನ್ನೊಂದು ಕಡೆಯಿಂದ ಹೊಕ್ಕರು. ಆಲೂಗಡ್ಡೆ ಚಿಪ್ಸ್ ತಿನ್ನುವವರ ಕಿವಿಗೆ ಅವರದೇ ಅಗಿತದ ಸದ್ದನ್ನು ಹೆಚ್ಚು ಕಡಿಮೆ ಮಾಡಿ ಕೇಳಿಸಿದರು. ಸದ್ದು ಏರಿದಾಗ ಅದೇ ಚಿಪ್ಸು ತಾಜಾ ಅನಿಸಿತು, ಇಳಿದಾಗ ಹಳಸಲು. ಇದಕ್ಕೆ 2008ರಲ್ಲಿ ಇಗ್ ನೊಬೆಲ್ ಸಿಕ್ಕಿತು. ಜಗತ್ತು ನಕ್ಕಿತು, ಆದರೆ ನಮ್ಮ ಅಜ್ಜಿಯಂದಿರು ಚಕ್ಕುಲಿಯನ್ನು ಕಿವಿಯ ಹತ್ತಿರ ಮುರಿದು ನೋಡಿ ಹದ ಹೇಳುತ್ತಿದ್ದದ್ದು ಯಾವ ಬಹುಮಾನದ ಆಸೆಗೂ ಅಲ್ಲ. ಉಪಸಿದ್ಧಾಂತ: ಬೇಟೆಗಾರನು ಕಿವಿಗೆ ಹತ್ತಿ ಇಟ್ಟುಕೊಂಡರೆ ತಿಂಡಿಯ ರುಚಿ ಹೋಗುತ್ತದೆ, ಹಕ್ಕಿಯೂ ಹೋಗುತ್ತದೆ, ಹೋದದ್ದು ಅವನಿಗೆ ಕೇಳಿಸುವುದೂ ಇಲ್ಲ.

ದೆಹಲಿಯ ಜನವರಿ ಮಂಜಿನಲ್ಲಿ ಕೋಡುಬಳೆಯನ್ನು ರಾತ್ರಿಯಿಡೀ ಬಾಲ್ಕನಿಯಲ್ಲಿ ತೆರೆದಿಟ್ಟರೆ ಬೆಳಿಗ್ಗೆಗೆ ಮೆತ್ತಗಾಗಿ ಮೌನವ್ರತ ತೊಟ್ಟಿರುತ್ತದೆ, ಕಿವಿಗೆ ಹಗುರ ಎಂಬ ವಾದವೊಂದು ಗುರುಗ್ರಾಮದ ಕಡೆ ಪ್ರಚಾರದಲ್ಲಿದೆ. ಇದು ಭೌತಶಾಸ್ತ್ರಕ್ಕೆ ಸರಿ, ಧರ್ಮಶಾಸ್ತ್ರಕ್ಕೆ ವಿರುದ್ಧ. ಮೆತ್ತಗಾದ ಕೋಡುಬಳೆಯನ್ನು ಬೇಡದ ನೆಂಟರ ಮುಂದೆಯೂ ಇಡುವುದಿಲ್ಲ. ಅದನ್ನು ತಾನೇ ಬೇಕೆಂದು ಮಾಡಿ ತಿನ್ನುವವನು ಹಕ್ಕಿಯನ್ನಲ್ಲ, ಕುಲವನ್ನು ಹೊಡೆದಂತೆ.

ಓಖ್ಲಾ ಪಂಥದ ಆಕ್ಷೇಪವನ್ನು ಗೌರವದಿಂದ ಕೇಳಬೇಕು. 1990ರಲ್ಲಿ ಘೋಷಣೆಯಾದ ಓಖ್ಲಾ ಪಕ್ಷಿಧಾಮದ ಪಕ್ಕದಲ್ಲಿ ಹೆದ್ದಾರಿ, ನೆತ್ತಿಯ ಮೇಲೆ ವಿದ್ಯುತ್ ತಂತಿ, 2017ರ ಡಿಸೆಂಬರಿನಿಂದ ಅದರ ಹೆಸರಿನದೇ ಒಂದು ಮೆಟ್ರೋ ನಿಲ್ದಾಣ. ನೋಯ್ಡಾದ ಹಾರ್ನುಗಳಿಗೆ ಕೊಕ್ಕೂ ಎತ್ತದ ಬಾತುಗಳು ನಿಮ್ಮ ನಿಪ್ಪಟ್ಟಿಗೆ ಹಾರುತ್ತವೆಯೇ ಎಂಬುದು ಅವರ ಪ್ರಶ್ನೆ. ಹಾರುತ್ತವೆ. ನಿರಂತರವಾಗಿ ಕೇಳುವ ಗದ್ದಲಕ್ಕೆ ಹಕ್ಕಿ ಒಗ್ಗಿಕೊಳ್ಳುತ್ತದೆ, ಹತ್ತಿರದಲ್ಲಿ ಹಠಾತ್ತಾಗಿ ಎದ್ದ ಹೊಸ ಸದ್ದಿಗೆ ಬೆದರುತ್ತದೆ. ಓಖ್ಲಾದ ಬಾತು ಬಂದಿಳಿದ ದಿನದಿಂದಲೇ ಟ್ರಕ್ಕಿನ ಹಾರ್ನು ಕೇಳುತ್ತಿರುತ್ತದೆ. ನಿಪ್ಪಟ್ಟನ್ನು ಯಾರು ಕೇಳಿಸಿದ್ದಾರೆ? ಪ್ರತಿ ಭಾನುವಾರ ಸರದಿಯ ಮೇಲೆ ಹೋಗಿ ನಿಪ್ಪಟ್ಟು ತಿಂದು ಹಕ್ಕಿಗಳನ್ನು ಪಳಗಿಸೋಣವೆಂದು ಈ ಪಂಥದವರು ಸೂಚಿಸುತ್ತಾರೆ. ಯೋಜನೆ ಒಳ್ಳೆಯದೇ, ಆದರೆ ಅಲ್ಲಿನ ಬಾತುಗಳಲ್ಲಿ ಬಹುಪಾಲು ಚಳಿಗಾಲ ಕಳೆದ ಮೇಲೆ ಮಧ್ಯ ಏಷ್ಯಾ, ಸೈಬೀರಿಯಾ ಎಂದು ಹೊರಟುಬಿಡುತ್ತವೆ. ಪಾಠ ಮುಂದುವರಿಸಲು ಅಲ್ಲಿ ಕರ್ನಾಟಕ ಸಂಘ ಇದ್ದಂತಿಲ್ಲ.

ಸುಲ್ತಾನಪುರದಲ್ಲಂತೂ ವಿನಾಯಿತಿಯಿಲ್ಲ. ರಾಯಿಟರ್ಸ್ ವರದಿಗಾರ ಪೀಟರ್ ಜಾಕ್ಸನ್ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು ಉಳಿಸಿದ, 2021ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಆ ಕೆರೆಯ ದಂಡೆಯಲ್ಲಿ ಟಿಟ್ಟಿಭವೆಂಬ ಸರ್ಕಾರಿ ಸಾಕ್ಷಿ ಕಾದು ಕೂತಿರುತ್ತದೆ. ನೀವು ಒಂದು ಕಡಲೆಬೀಜ ಕಡಿದಿರೋ, ಅದು ಊರಿಗೆಲ್ಲ ಡಂಗುರ ಹೊಡೆಯುತ್ತದೆ. ಹಿಮಾಲಯವನ್ನು ಮೇಲಿಂದ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಆ ಒಂದು ಬೀಜಕ್ಕಾಗಿ ಎದ್ದು ಇನ್ನೊಂದು ದಡಕ್ಕೆ ಹೋಗುತ್ತದೆ. ಮೊದಲು ಕ್ಯಾಮೆರಾದ ಶಟರ್ ಸದ್ದು ನಮ್ಮ ಅಗಿತವನ್ನು ಮರೆಮಾಚುತ್ತಿತ್ತು. ಈಗ ಮಿರರ್‌ಲೆಸ್ ಕ್ಯಾಮೆರಾ ಬಂದು ಶಟರ್ ಮೂಕವಾಗಿದೆ, ಮರೆಯಲ್ಲಿ ಕೂತವರಲ್ಲಿ ಸದ್ದು ಮಾಡುವ ಯಂತ್ರವೆಂದು ಉಳಿದಿರುವುದು ದವಡೆ ಒಂದೇ.

ಆದಕಾರಣ ಮೃದು ವರ್ಗವನ್ನು ಪರಿಶೀಲಿಸೋಣ. ಇಡ್ಲಿ ಮೌನಿ, ಆದರೆ ಚಟ್ನಿ ಸೋರಿ ಲೆನ್ಸಿಗೆ ಇಳಿಯುತ್ತದೆ. ಚಿತ್ರಾನ್ನ, ಪುಳಿಯೋಗರೆಗಳು ನೋಡಲು ಸಾಧು, ಒಳಗೆ ಕಡಲೆಬೀಜವೆಂಬ ನೆಲಬಾಂಬು. ಬೀಜವನ್ನು ಆರಿಸಿ ತೆಗೆದ ಪುಳಿಯೋಗರೆ ಸದ್ದು ಮಾಡುವುದಿಲ್ಲ, ತಿಂದವನು ದಿನವಿಡೀ ನಿಟ್ಟುಸಿರು ಬಿಡುತ್ತಾನೆ. ಮೊಸರನ್ನ ಐದು ಡಿಗ್ರಿ ಚಳಿಯಲ್ಲಿ ಗಂಟಲು ಕಟ್ಟಿಸಿ ಕೆಮ್ಮು ತರುತ್ತದೆ. ಬಿಸಿಲೇರಿದ ಮೇಲೆ ತಿಂದರೆ ನಿದ್ದೆ, ನಿದ್ದೆಯಿಂದ ಗೊರಕೆ. ಹೋಳಿಗೆ ಉತ್ತಮ, ತುಪ್ಪ ಹೆಪ್ಪುಗಟ್ಟುವುದೊಂದು ದೋಷ. ಮೈಸೂರುಪಾಕಿನಲ್ಲಿ ಗೂಡುಗೂಡಾದ ಗಟ್ಟಿ ಸಂಪ್ರದಾಯ, ತುಪ್ಪ ಜಿನುಗುವ ಮೆತ್ತನೆ ಸಂಪ್ರದಾಯ ಎಂದು ಎರಡಿವೆ. ಬೇಟೆಗೆ ಎರಡನೆಯದೇ ಗ್ರಾಹ್ಯ, ಆದರೆ ಮೊದಲನೆಯದರ ಅನುಯಾಯಿಗಳು ಪಕ್ಕದಲ್ಲಿದ್ದರೆ ವಾಗ್ವಾದ ಎದ್ದು ಹಕ್ಕಿ ಹೇಗೂ ಹಾರುತ್ತದೆ. ಧಾರವಾಡ ಪೇಡದ ಮೇಲೆ ಈ ಲೇಖಕನಿಗೆ ಯಾವ ಆಕ್ಷೇಪವೂ ಇಲ್ಲ, ಅದು ಮನೆ ಬಿಡುವ ಮೊದಲೇ ಮುಗಿದಿರುತ್ತದೆ ಎಂಬುದನ್ನು ಬಿಟ್ಟರೆ.

ಬಾಳೆಹಣ್ಣು? ಅಸೋಲಾ ಅಭಯಾರಣ್ಯದಲ್ಲಾಗಲೀ ಬೆಟ್ಟಸಾಲಿನಲ್ಲಾಗಲೀ ಬಾಳೆಹಣ್ಣು ಹೊರತೆಗೆಯುವವನು ದೆಹಲಿಯ ಕೋತಿಗಳನ್ನು ಅರಿಯದವನು. 2023ರ ಜಿ20 ಸಭೆಗೆ ಬಂದ ರಾಷ್ಟ್ರನಾಯಕರ ರಕ್ಷಣೆಗೆ ಲಂಗೂರಿನ ಆಳೆತ್ತರದ ಚಿತ್ರಗಳನ್ನು ನಿಲ್ಲಿಸಿದ ನಗರವಿದು. ಸಾಮಾನ್ಯ ಛಾಯಾಗ್ರಾಹಕನಿಗೆ ಆ ಭದ್ರತೆ ಲಭ್ಯವಿಲ್ಲ.

ಕಟ್ಟುವ ಬಗೆಯೂ ತಿಂಡಿಯಷ್ಟೇ ಮುಖ್ಯ. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಗುಂಡಿನ ಸದ್ದಿಗೆ ಸಮ. ಕ್ಯಾಮೆರಾ ಚೀಲದ ವೆಲ್ಕ್ರೋ ಅದಕ್ಕಿಂತ ಕೇಡು. ಅಮೆರಿಕದಲ್ಲಿ ಸನ್‌ಚಿಪ್ಸ್ ತಯಾರಿಸುವ ಕಂಪನಿಯವರು ಮಣ್ಣಲ್ಲಿ ಕರಗುವ ಪೊಟ್ಟಣ ಮಾಡಿ, ಅದರ ಸರಸರಕ್ಕೆ ಗಿರಾಕಿಗಳು ಬೇಸತ್ತು, 2010ರಲ್ಲಿ ಬಹುಪಾಲು ಹಿಂದಕ್ಕೆ ತೆಗೆದುಕೊಂಡರು. ಪರಿಸರ ಉಳಿಸುವ ಪೊಟ್ಟಣ ಪಕ್ಷಿಯನ್ನು ಓಡಿಸುವುದಾದರೆ ಏನು ಬಂತು? ಒಣಗಿದ ಮುತ್ತುಗದೆಲೆಯೂ ಇದೇ ಜಾತಿ. ಐಎನ್‌ಎ ಮಾರುಕಟ್ಟೆಯಲ್ಲಿ ಬಾಳೆಲೆ ಕೊಂಡು, ಒಲೆಯ ಮೇಲೆ ಬಾಡಿಸಿ, ಒಳಗೆ ತಿಂಡಿಯಿಟ್ಟು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಹಾಕುವುದೇ ಪ್ರಶಸ್ತ. ಗಂಟು ಬಿಚ್ಚಲು ಬಾರದವರು ಉಪವಾಸ ಇರಬಹುದು, ಅದೂ ನಿಶ್ಶಬ್ದವೇ.

ಇಷ್ಟಾದರೂ ಹಕ್ಕಿ ಹಾರುತ್ತದೆ. ಏಕೆ? ಇಲ್ಲಿಯೇ ಪ್ರಸ್ತುತ ಗ್ರಂಥದ ಹೊಸ ಕಾಣ್ಕೆ. ಇದುವರೆಗಿನ ಮೀಮಾಂಸಕರೆಲ್ಲ ಸದ್ದನ್ನು ತಿಂಡಿಯಲ್ಲಿ ಹುಡುಕಿದರು. ಆದರೆ ಮರೆಯೊಳಗೆ ಮೈ ಕುಗ್ಗಿಸಿ ಕೂತ ಇಬ್ಬರು ಅಪರಿಚಿತರಲ್ಲಿ ಒಬ್ಬನು ಚಳಿಗೆ “ಅಯ್ಯಪ್ಪಾ” ಎಂದನೆನ್ನಿ. ಇನ್ನೊಬ್ಬನ ಕಿವಿ ನೆಟ್ಟಗಾಗುತ್ತದೆ. “ಕನ್ನಡದವರಾ? ಯಾವ ಕಡೆ?” ತುಮಕೂರು. “ತುಮಕೂರಲ್ಲಿ ಎಲ್ಲಿ?” ಮುಂದೆ ಮಾವನ ಊರು, ಆ ಮಾವನ ಷಡ್ಡಕ, ದೆಹಲಿ ಕನ್ನಡ ಶಾಲೆಯಲ್ಲಿ ಓದಿದ ಮಗಳು, ಬಾಡಿಗೆ, ನೀರು, ಹೊಗೆ, ವರ್ಗಾವಣೆ. ನೂರು ಕೋಡುಬಳೆ ಮಾಡಲಾರದ ಅನಾಹುತವನ್ನು ಈ ಸಂಭಾಷಣೆ ಮಾಡುತ್ತದೆ. ಹೆಬ್ಬಾತು, ಸಾರಸ, ನೀಲಗಾಯ್ ಎಲ್ಲವೂ ಹೊರಟುಹೋಗುತ್ತವೆ. ಟಿಟ್ಟಿಭ ಮಾತ್ರ ಉಳಿದು ಕೇಳುತ್ತದೆ.

ಆದ್ದರಿಂದ ಬೇಟೆಯ ತಿಂಡಿಯ ಲಕ್ಷಣ ತಾನು ಸದ್ದು ಮಾಡದಿರುವುದಲ್ಲ, ತಿನ್ನುವವನು ಮಾತಾಡದಂತೆ ಮಾಡುವುದು. ಈ ಲಕ್ಷಣ ಅತಿವ್ಯಾಪ್ತಿ ಅವ್ಯಾಪ್ತಿಗಳಿಲ್ಲದೆ ಹೊಂದುವುದು ಗೋಕಾಕದ ಕರದಂಟಿಗೆ, ಅಮೀನಗಡದ ಕರದಂಟಿಗೆ, ಮತ್ತು ಬಾಣಂತಿಯರಿಗೆಂದು ಮಾಡಿ ಮನೆಮಂದಿಯೆಲ್ಲ ಕದ್ದು ತಿನ್ನುವ ಅಂಟಿನ ಉಂಡೆಗೆ. ಒಣಕೊಬ್ಬರಿ, ಉತ್ತತ್ತಿ, ಹುರಿದ ಅಂಟು, ಬೆಲ್ಲದ ಪಾಕ ಸೇರಿ ಮೇಲಿನ ದವಡೆಯನ್ನು ಕೆಳಗಿನದಕ್ಕೆ ಬೆಸೆಯುತ್ತವೆ. ಚಳಿಗೆ ಮೈ ಬೆಚ್ಚಗಿರುತ್ತದೆ, ರೈಲಿನಲ್ಲಿ ಕೆಡುವುದಿಲ್ಲ, ಬಾದಾಮಿಯ ಸದ್ದು ಬೆಲ್ಲದೊಳಗೇ ಹೂತುಹೋಗುತ್ತದೆ. ಮರೆಯೊಳಗೆ ಕೂರುವ ಮುನ್ನ ಪ್ರತಿಯೊಬ್ಬನ ಬಾಯಿಗೂ ಒಂದೊಂದು ತುಂಡು ಇಟ್ಟುಬಿಡಬೇಕು. “ಯಾವ ಕಡೆ?” ಎಂದವನಿಗೆ ಎರಡು. ಗೋಕಾಕದ್ದು ಮೇಲೋ ಅಮೀನಗಡದ್ದು ಮೇಲೋ ಎಂಬ ಚರ್ಚೆ ತಿನ್ನುವ ಮೊದಲು ಏಳಬಹುದು, ತಿಂದ ಮೇಲೆ ಸಾಧ್ಯವಿಲ್ಲ.

ಒಂದೇ ಒಂದು ಪ್ರಶ್ನೆ ಬಗೆಹರಿಯದೆ ಉಳಿದಿದೆ. ಬೇಟೆಯ ಕತೆಗಳನ್ನು ಬರೆದ ಕೆನೆತ್ ಆಂಡರ್ಸನ್ ನರಭಕ್ಷಕ ಹುಲಿಗೆ ಕಾಯುತ್ತ ಮಚಾನಿನ ಮೇಲೆ ರಾತ್ರಿ ಕಳೆಯುವಾಗ ಚಹಾದ ಫ್ಲಾಸ್ಕು ಒಯ್ಯುತ್ತಿದ್ದ. ಆ ಕತೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದುಕೊಟ್ಟಿದ್ದರಿಂದ ನಮಗೆಲ್ಲ ಅದೊಂದು ಧೈರ್ಯ. ಆದರೆ ಆಂಗ್ಲರ ಪದ್ಧತಿಯಲ್ಲಿ ಚಹಾ ಹೀರುವುದು ಬೇರೆ, ಸುಡುಸುಡು ಫಿಲ್ಟರ್ ಕಾಫಿಯನ್ನು ಸೊರ್ರೆಂದು ಎಳೆದು, ಕೊನೆಗೆ “ಹಾ” ಎನ್ನುವುದು ಬೇರೆ. ಸೊರ್ರನ್ನು ಬಿಟ್ಟರೆ ನಾಲಿಗೆ ಸುಡುತ್ತದೆ, “ಹಾ” ಬಿಟ್ಟರೆ ಕುಡಿದ ಹಾಗಾಗುವುದಿಲ್ಲ, ಆರಿಸಿ ಕುಡಿದರೆ ಅದು ಕಾಫಿಯೇ ಅಲ್ಲ. ಎಲ್ಲ ಪಕ್ಷಗಳನ್ನೂ ತೂಗಿ ನೋಡಿದ ಮೇಲೆ ಪ್ರಸ್ತುತ ಲೇಖಕನ ನಿರ್ಣಯವಿಷ್ಟು: ಕಾಫಿಯ ಮಟ್ಟಿಗೆ ಹಕ್ಕಿಗಳೇ ಹೊಂದಿಕೊಂಡು ಹೋಗತಕ್ಕದ್ದು.